ಮಾನ್ಯ ಕಾನೂನು ಸಚಿವರೇ, ಆದಿವಾಸಿ ಹಾಡಿಯವರ ಕೇಸು ಒಬ್ಬ ವಕೀಲರ ಜೇಬಿನ ಮೇಲೆ ನಿಲ್ಲಬಾರದು

ಮಾನ್ಯ ಕಾನೂನು ಸಚಿವರಿಗೆ ಕೊಡಗಿನ ವಿರಾಜಪೇಟೆಯಿಂದ ನಮಸ್ಕಾರ.

ನಾನಿಲ್ಲಿ ವಕೀಲಿ ಮಾಡುತ್ತೇನೆ. ನನ್ನ ಸೀನಿಯರ್ ಈ ವರ್ಷ ಪ್ರಾಕ್ಟೀಸ್ ನಿಲ್ಲಿಸಿದರು. ಅವರಿಗೆ ಸನ್ಮಾನ ಮಾಡಿ ಅಂತ ಕೇಳಲು ಈ ಪತ್ರ ಬರೆಯುತ್ತಿಲ್ಲ. ಶಾಲು, ಹಾರ ಅವರಿಗೇ ಆಗಿಬರುವುದಿಲ್ಲ. ಅವರು ಮಾಡುತ್ತಿದ್ದ ಕೆಲಸ ಇನ್ನು ಯಾರದ್ದು ಅನ್ನೋದಷ್ಟೇ ನನ್ನ ಪ್ರಶ್ನೆ.

ಅವರ ಸಂಪಾದನೆಯೆಲ್ಲ ಸಿವಿಲ್ ದಾವೆಗಳದ್ದು. ವಂಶಪಾರಂಪರ್ಯವಾಗಿ ಬಂದ ಜಮ್ಮಾ ಜಮೀನಿನ ಪಾಲು, ಕಾಫಿ ತೋಟದ ಗಡಿ, ಅಣ್ಣತಮ್ಮಂದಿರ ಜಗಳ. ಆ ಕಕ್ಷಿದಾರರಿಂದ ಫೀಸು ಬಿಡದೆ ವಸೂಲಿ ಮಾಡುತ್ತಿದ್ದರು. ತೋಟದ ಲೈನ್ ಮನೆಯ ಕೂಲಿಯವರೋ, ಹಾಡಿಯ, ಅಂದರೆ ಆದಿವಾಸಿಗಳ ಊರಿನ, ಯರವರೋ, ಜೇನು ಕುರುಬರೋ ಬಂದರೆ ಮಾತ್ರ ವಕಾಲತ್ತಿಗೆ ಹಚ್ಚುವ ಸ್ಟಾಂಪೂ ಇವರದ್ದೇ, ವಾಪಸ್ ಹೋಗುವ ಬಸ್ ಚಾರ್ಜೂ ಇವರದ್ದೇ. ಗುಮಾಸ್ತರು ಗೊಣಗಿದರೆ, 'ತೋಟದ ಕೇಸಿಗೆ ಸೇರಿಸ್ಕೊಳ್ಳಿ' ಅನ್ನುತ್ತಿದ್ದರು. ಸುಮ್ನೆ ತಮಾಷೆಗೆ.

ಬಂದವರು ಪ್ಲಾಸ್ಟಿಕ್ ಕವರಿನಿಂದ ನಾಲ್ಕು ಮಡಿಕೆಯ ಹಿಂಬರಹ, ಅಂದರೆ ಅರ್ಜಿಗೆ ಸರ್ಕಾರಿ ಕಚೇರಿ ಕೊಟ್ಟ ಉತ್ತರದ ಕಾಗದ, ತೆಗೆಯುತ್ತಾರೆ. ಅರಣ್ಯ ಹಕ್ಕಿನ ಅರ್ಜಿ ತಿರಸ್ಕೃತವಾಗಿದೆ ಅಂತ ಒಂದು ಸಾಲು. ಸೀನಿಯರ್ ಆ ಸಾಲು ಓದುವ ಮೊದಲು 'ಇದು ಕೈಗೆ ಬಂದದ್ದು ಯಾವತ್ತು?' ಅಂತ ಕೇಳಿ, ಕಾಗದದ ಮೂಲೆಯಲ್ಲಿ ಪೆನ್ಸಿಲಿನಿಂದ ತಾರೀಕು ಬರೆಯುತ್ತಿದ್ದರು. ಈ ಅರ್ಜಿ ನೋಡುವ ಉಪವಿಭಾಗ ಸಮಿತಿ ಬೇಡವೆಂದರೆ ಜಿಲ್ಲಾ ಸಮಿತಿಗೆ ಮೇಲ್ಮನವಿ ಹಾಕಲು 2006ರ ಅರಣ್ಯ ಹಕ್ಕು ಕಾಯ್ದೆಯ ನಿಯಮ ಕೊಡುವುದು 60 ದಿನ. ಹಿಂಬರಹ ಓದಿ ಅರ್ಥ ಹೇಳುವವರು ಹಾಡಿಯಲ್ಲಿ ಸಿಗೋದೇ ಕಷ್ಟ. ನಮ್ಮ ಜುಲೈ, ಆಗಸ್ಟ್ ಮಳೆಯಲ್ಲಿ 60 ದಿನ ಎಷ್ಟು ಬೇಗ ಕಳೆಯುತ್ತೆ ಅಂತ ಬೆಂಗಳೂರಿನಲ್ಲಿ ಕೂತವರಿಗೆ ಗೊತ್ತಾಗೋದು ಕಷ್ಟ.

ಕಾನೂನು ಸೇವೆಗಳ ಕಾಯ್ದೆ ಬಂದದ್ದು 1987ರಲ್ಲಿ. ಅದರ 12ನೇ ಕಲಂ ಪ್ರಕಾರ ಪರಿಶಿಷ್ಟ ಜಾತಿ, ಪಂಗಡದವರಿಗೆ, ಮಹಿಳೆಯರಿಗೆ, ಬಂಧನದಲ್ಲಿರುವವರಿಗೆ ಉಚಿತ ವಕೀಲರು ಸಿಗಬೇಕು. 2018ರ ಭೂಕುಸಿತದಲ್ಲಿ ಮನೆ ಕಳೆದುಕೊಂಡಂಥವರೂ ಇದರಲ್ಲಿ ಬರುತ್ತಾರೆ. ಇವರ ಆದಾಯ ನೋಡುವಂತಿಲ್ಲ. ನೆರವು ಕೋರ್ಟಿಗೆ ಮಾತ್ರ ಅಂತಲೂ ಇಲ್ಲ, ಬೇರೆ ಪ್ರಾಧಿಕಾರಗಳ ಮುಂದಿನ ವ್ಯವಹಾರಕ್ಕೂ ಉಂಟು. ಅಂದರೆ ಹಾಡಿಯವರ ಮೇಲ್ಮನವಿಗೂ ಸರ್ಕಾರವೇ ವಕೀಲರನ್ನು ಕೊಡಬಹುದು. ಹಾಗಿದ್ದೂ ಒಬ್ಬ ವಯಸ್ಸಾದ ವಕೀಲರು ಕೈಯಿಂದ ಖರ್ಚು ಮಾಡಬೇಕಾಯಿತು ಅಲ್ವಾ?

ಉಚಿತ ನೆರವಿಗೆಂದು ಪಟ್ಟಿ ಮಾಡಿದ ಪ್ಯಾನೆಲ್ ವಕೀಲರಿಗೆ ಹಾಡಿಗೆ ಹೋಗಿಬರುವ ಜೀಪಿನ ಖರ್ಚು ಕೊಡಿ. ಸಭೆ, ಫೋಟೋ, ಕರಪತ್ರದ ಶಿಬಿರ ಬೇಡ, ಅದು ಜಾಸ್ತಿಯೇ ಆಗಿದೆ. ತಿಂಗಳಿಗೊಂದು ಗೊತ್ತಾದ ದಿನ ವಕೀಲರು ಬಂದು ಕಾಗದ ನೋಡಿದರೆ ಸಾಕು. ಹಾಡಿಯಲ್ಲಿ ಓದಿದ ಹುಡುಗ ಹುಡುಗಿಯರನ್ನೇ ಅರೆ ಕಾನೂನು ಸ್ವಯಂಸೇವಕರಾಗಿ, ಅಂದರೆ ವಕೀಲರಲ್ಲದಿದ್ದರೂ ಕಾನೂನು ನೆರವಿಗೆ ದಾರಿ ತೋರಿಸುವವರಾಗಿ, ತೆಗೆದುಕೊಳ್ಳಿ. ಇನ್ನೊಂದಕ್ಕೆ ಹೆಚ್ಚು ದುಡ್ಡೂ ಬೇಡ: ಪ್ರತಿ ಹಿಂಬರಹದ ಕೆಳಗೆ ಮೇಲ್ಮನವಿಯ ಗಡುವನ್ನೂ ಕಾನೂನು ನೆರವಿನ 15100 ನಂಬರನ್ನೂ ದಪ್ಪ ಕನ್ನಡ ಅಕ್ಷರದಲ್ಲಿ ಅಚ್ಚು ಹಾಕಿಸಲು ಸಂಬಂಧಪಟ್ಟ ಇಲಾಖೆಗೆ ನೀವೇ ಒಂದು ಮಾತು ಹೇಳಿ.

ಸೀನಿಯರ್ ಫೈಲುಗಳು ಈಗ ನನ್ನ ಮೇಜಿಗೆ ಬಂದಿವೆ. ಸ್ಟಾಂಪಿನ ಖರ್ಚು ಸದ್ಯ ನಾನು ನೋಡಿಕೊಳ್ಳುತ್ತೇನೆ. ಜೀಪಿನ ವಿಷಯ ಮಳೆ ಹಿಡಿಯುವ ಮೊದಲು ತೀರ್ಮಾನ ಮಾಡಿ.

ಇಂತಿ,
ವಿರಾಜಪೇಟೆಯ ಒಬ್ಬ ವಕೀಲ