ಎಸ್‌ಎಂಪಿಎಸ್‌ನಲ್ಲಿ ಮಾತ್ರ ದುಡ್ಡು ಉಳಿಸಬೇಡ, ಅಳಿಯಾ

ಪ್ರೀತಿಯ ಅಳಿಯಾ,

ನೀನು ವಾಟ್ಸಾಪಿನಲ್ಲಿ ಕಳಿಸಿದ ಗೇಮಿಂಗ್ ಕಂಪ್ಯೂಟರಿನ ಪಟ್ಟಿಯನ್ನು ಎರಡೆರಡು ಸಲ ಓದಿದೆ. ಐ7 ಪ್ರೊಸೆಸರ್, ಬಣ್ಣದ ಲೈಟಿನ ಲಿಕ್ವಿಡ್ ಕೂಲರ್, ಗಾಜಿನ ಕ್ಯಾಬಿನೆಟ್. ಕೊನೆಗೆ ಉಳಿದ ದುಡ್ಡಿಗೆ ಜಿಟಿಎಕ್ಸ್ 1650 ಗ್ರಾಫಿಕ್ಸ್ ಕಾರ್ಡು, "ಯಾವುದಾದ್ರೂ ಒಂದು ಎಸ್‌ಎಂಪಿಎಸ್". ಎಸ್‌ಎಂಪಿಎಸ್ ಅಂದರೆ ಗೋಡೆಯ ಕರೆಂಟನ್ನು ಕಂಪ್ಯೂಟರಿಗೆ ಬೇಕಾದ ಹಾಗೆ ಬದಲಿಸಿ ಕೊಡುವ ಡಬ್ಬಿ. ಫೋನಿನಲ್ಲಿ ಹೇಳಿದರೆ ಅರ್ಧ ಕೇಳಿ ಹೂಂ ಅಂತೀಯ, ಅದಕ್ಕೇ ಬರೆಯುತ್ತಿದ್ದೇನೆ. ಕೂತು ಓದು. ಆ 65 ಸಾವಿರ ನಿಮ್ಮಪ್ಪ ಈ ವರ್ಷದ ಅಡಿಕೆ ದುಡ್ಡಿನಲ್ಲಿ ನಿನಗಾಗಿ ಎತ್ತಿಟ್ಟದ್ದು. ಅದರಲ್ಲಿ ಒಂದು ರೂಪಾಯಿಯೂ ದಂಡ ಆಗಬಾರದು ಅಂತ ನನ್ನ ಆಸೆ.

ಗೇಮ್ ಆಡುವ ಮಷೀನಿನಲ್ಲಿ ಚಿತ್ರ ಬಿಡಿಸುವುದು ಗ್ರಾಫಿಕ್ಸ್ ಕಾರ್ಡು. ಹಾಗಾಗಿ ಮೊದಲು ಅದಕ್ಕೆ ದುಡ್ಡು ಎತ್ತಿಡು, ಉಳಿದದ್ದರಲ್ಲಿ ಬೇರೆಯದು ನೋಡು. ನಿನ್ನ ಬಜೆಟ್ಟಿನಲ್ಲಿ ಮೂರನೇ ಒಂದು ಪಾಲಿಗಿಂತ ಸ್ವಲ್ಪ ಜಾಸ್ತಿ, ಅಂದರೆ 24-25 ಸಾವಿರ ಕಾರ್ಡಿಗೇ ಹೋಗಲಿ. 1650 ಬಂದದ್ದು 2019ರಲ್ಲಿ, ಅದರಲ್ಲಿರುವುದು 4 ಜಿಬಿ ಮೆಮೊರಿ. ಅದರ ಪಕ್ಕ ಐ7 ಕೂರಿಸಿದರೆ ಎತ್ತು ಏರಿಗೆಳೆದರೆ ಕೋಣ ನೀರಿಗೆಳೀತು ಅಂದ ಹಾಗೆ ಆಗುತ್ತದೆ. ಕಾರ್ಡು ಏದುಸಿರು ಬಿಡುತ್ತಿರುತ್ತದೆ, ಪ್ರೊಸೆಸರ್ ಸುಮ್ನೆ ಕೂತಿರುತ್ತದೆ. ಆರ್‌ಎಕ್ಸ್ 6600 ನೋಡು, 8 ಜಿಬಿ ಇದೆ, ವೇಗ 1650ಕ್ಕಿಂತ ದುಪ್ಪಟ್ಟು. ಆ ದಿನದ ರೇಟು ಒಪ್ಪಿದರೆ ಆರ್‌ಎಕ್ಸ್ 7600 ಅಥವಾ ಆರ್‌ಟಿಎಕ್ಸ್ 4060 ಕೂಡ ಆಗಬಹುದು. ನೀನು ಆಡುವುದು ವ್ಯಾಲರಂಟ್ ಮತ್ತು ಜಿಟಿಎ 5, ಅದೂ 1080ಪಿ ಪರದೆಯಲ್ಲಿ. ಅದಕ್ಕೆ ಇವು ಧಾರಾಳ ಆಯಿತು.

ಪ್ರೊಸೆಸರಿಗೆ ರೈಜನ್ 5 5600 ಸಾಕು. 6 ಕೋರ್, 12 ಥ್ರೆಡ್, 65 ವಾಟ್. ಡಬ್ಬಿಯಲ್ಲೇ ಫ್ಯಾನು ಬರುತ್ತದೆ, ಅದರ ತಳಕ್ಕೆ ಬೂದು ಬಣ್ಣದ ಪೇಸ್ಟು ಹಚ್ಚಿಯೇ ಕೊಟ್ಟಿರುತ್ತಾರೆ, ಅದನ್ನು ಬೆರಳಿನಿಂದ ಮುಟ್ಟಿ ನೋಡಬೇಡ. ಲಿಕ್ವಿಡ್ ಕೂಲರ್ ಈ ಪ್ರೊಸೆಸರಿಗೆ ಬೇಕಾಗಿಯೇ ಇಲ್ಲ. ಹೊಸ ಎಎಂ5 ಸಾಕೆಟ್ಟಿನ ಮದರ್‌ಬೋರ್ಡು ಯಾಕೆ ಬೇಡ ಅಂತ ಕೇಳುತ್ತೀಯ, ಗೊತ್ತು. ಅದಕ್ಕೆ ಡಿಡಿಆರ್5 ರ‍್ಯಾಮೇ ಬೇಕು, 2025ರ ಕೊನೆಯಿಂದ ರ‍್ಯಾಮ್ ಬೆಲೆ ವಿಪರೀತ ಏರಿಬಿಟ್ಟಿದೆ, ಮೆಮೊರಿ ಚಿಪ್ಪುಗಳೆಲ್ಲ ಎಐ ಡೇಟಾ ಸೆಂಟರುಗಳ ಕಡೆ ಹೋಗುತ್ತಿವೆ. ಡಿಡಿಆರ್4 ಕೂಡ ಏರಿದೆ, ಆದರೆ ನಿಮ್ಮ ಮನೆಯಲ್ಲಿ ಅಕ್ಕನ ಹಳೇ ಕಂಪ್ಯೂಟರಿನಲ್ಲಿ 8 ಜಿಬಿಯ ಎರಡು ಡಿಡಿಆರ್4 ಕಡ್ಡಿ ಇವೆಯಲ್ಲ, ನಾನೇ ಹಾಕಿಕೊಟ್ಟದ್ದು, 3200 ವೇಗದವು. ಅವನ್ನೇ ಬಿಚ್ಚಿಕೊಂಡು ಬಾ. ಆ ಮಷೀನು ಅಕ್ಕ ತೆರೆದು ಎರಡು ವರ್ಷ ಆಯಿತು. 5600ಕ್ಕೆ ಹೊಂದುವ ಬಿ550 ಬೋರ್ಡು ತಗೊಂಡು, ಅದರಲ್ಲಿ ಪ್ರೊಸೆಸರ್ ಕಡೆಯಿಂದ ಎಣಿಸಿ ಎರಡನೇ ಮತ್ತು ನಾಲ್ಕನೇ ಸ್ಲಾಟಿಗೆ ಹಾಕು, ಆಮೇಲೆ ಬಯೋಸ್‌ಗೆ (ಬೋರ್ಡಿನದೇ ಸೆಟ್ಟಿಂಗಿನ ಪುಟ) ಹೋಗಿ, ರ‍್ಯಾಮನ್ನು ಅದರ ಪೂರ್ತಿ ವೇಗಕ್ಕೆ ಏರಿಸುವ ಎಕ್ಸ್‌ಎಂಪಿ ಆನ್ ಮಾಡು. ಮಾಡದಿದ್ದರೆ 3200ರ ರ‍್ಯಾಮು 2133ರಲ್ಲೋ 2400ರಲ್ಲೋ ಓಡುತ್ತಿರುತ್ತದೆ, ನಿನಗೆ ಗೊತ್ತೇ ಆಗುವುದಿಲ್ಲ.

ಈಗ ಎಸ್‌ಎಂಪಿಎಸ್ ವಿಷಯ. ಇದನ್ನು ಹೇಳುವುದಕ್ಕೇ ಇಷ್ಟು ಉದ್ದ ಬರೆಯಲು ಕೂತದ್ದು.

ನಾನು ಕೆಲಸಕ್ಕೆ ಸೇರಿದ ಹೊಸದರಲ್ಲಿ ಊರಿನ ಮನೆಗೆ ಒಂದು ಕಂಪ್ಯೂಟರ್ ಜೋಡಿಸಿದ್ದೆ. ಸಾವಿರ ರೂಪಾಯಿ ಉಳಿಯುತ್ತದೆ ಅಂತ ಒಂದು ಅಂಗಡಿಯಲ್ಲಿ 500 ವಾಟ್ ಅಂತ ಚೀಟಿ ಅಂಟಿಸಿದ್ದ ಎಸ್‌ಎಂಪಿಎಸ್ ತಗೊಂಡೆ. ಕೈಯಲ್ಲಿ ಹಿಡಿದಾಗ ಖಾಲಿ ಬಿಸ್ಕತ್ತಿನ ಡಬ್ಬಿಯಷ್ಟು ಹಗುರ ಇತ್ತು, ಆಗಲೇ ಅನುಮಾನ ಬರಬೇಕಿತ್ತು. ಒಂದು ಸಂಜೆ ಕರೆಂಟು ಹೋಗಿ ಬಂತು, ಮತ್ತೆ ಹೋಗಿ ಬಂತು, ಮೂರನೇ ಸಲ ಬಂದಾಗ ಟಪ್ ಅಂತ ಸದ್ದು, ಸುಟ್ಟ ವಾಸನೆ. ಬೋರ್ಡು ಹೋಯಿತು, ಹಾರ್ಡ್‌ಡಿಸ್ಕೂ ಹೋಯಿತು. ಅಜ್ಜನ ಕೊನೆಯ ದೀಪಾವಳಿಯ ಫೋಟೋಗಳೆಲ್ಲ ಅದರಲ್ಲೇ ಇದ್ದವು. ಬೇರೆ ಪ್ರತಿ ಇರಲಿಲ್ಲ. ಆಮೇಲೆ ಸ್ಕ್ರೂ ಬಿಚ್ಚಿ ನೋಡಿದೆ: ಕರೆಂಟು ಸೋಸುವ ಕಾಯಿಲ್ ಕೂರಬೇಕಾದ ಜಾಗದಲ್ಲಿ ಎರಡು ತುಂಡು ತಂತಿ ಬೆಸೆದಿದ್ದರು, ಕೆಪಾಸಿಟರಿನ ಜಾಗಗಳು ಖಾಲಿ. ಅಜ್ಜಿ ಇವತ್ತಿಗೂ ಆ ಫೋಟೋ ಕೇಳುತ್ತಾರೆ. ನನಗೆ ಉತ್ತರ ಹೇಳಲು ಬಾಯಿ ಬರುವುದಿಲ್ಲ.

ನಿಮ್ಮ ಕಡೆ ಮಳೆಗಾಲದಲ್ಲಿ ವೋಲ್ಟೇಜು ಬಿದ್ದಾಗ ತೋಟದ ಮೋಟರು ಹೇಗೆ ಗೊಂಯ್ ಅನ್ನುತ್ತದೆ, ನೋಡಿದ್ದೀಯಲ್ವಾ? ಅದೇ ಕರೆಂಟು ನಿನ್ನ ಕಾರ್ಡಿಗೂ ಬರುವುದು. ಆದ್ದರಿಂದ ಒಳ್ಳೆಯ ಕಂಪನಿಯ 550 ವಾಟ್, ಕರೆಂಟು ಕಡಿಮೆ ಪೋಲು ಮಾಡುತ್ತದೆ ಅನ್ನುವ 80 ಪ್ಲಸ್ ಬ್ರಾಂಜ್ ಮುದ್ರೆ ಇರುವುದನ್ನೇ ತಗೋ. 850 ವಾಟ್ ಬೇಡ. 6600 ಕಾರ್ಡು ತಿನ್ನುವುದು 132 ವಾಟ್, ಪ್ರೊಸೆಸರ್ ಸೇರಿ ಇಡೀ ಮಷೀನು 300 ದಾಟುವುದು ಕಷ್ಟ. ಕೂಲರಿನಲ್ಲಿ, ಗಾಜಿನ ಕ್ಯಾಬಿನೆಟ್ಟಿನಲ್ಲಿ ಉಳಿದ ದುಡ್ಡಿಗೆ ಒಂದು ಯುಪಿಎಸ್ ಸೇರಿಸು. 600 ವಿಎ ಅಂದರೆ ನಿಜವಾಗಿ 360 ವಾಟ್ ಅಷ್ಟೇ, ಮಾನಿಟರೂ ಸೇರಿದರೆ ಬಿಗಿಯಾಗುತ್ತದೆ. 1000 ವಿಎ ಇದ್ದರೆ ನಿಶ್ಚಿಂತೆ. ಯುಪಿಎಸ್ ಇದೆ ಅಂತ ಗುಡುಗು ಸಿಡಿಲು ಶುರುವಾದ ಮೇಲೂ ಆಡುತ್ತಾ ಕೂರಬೇಡ. ಪ್ಲಗ್ ಕಿತ್ತುಬಿಡು, ರೂಟರಿನಿಂದ ಬರುವ ಕೇಬಲ್ ಕೂಡ.

ಕ್ಯಾಬಿನೆಟ್ಟಿಗೆ ಮುಂದೆ ಜಾಲರಿ ಇರಲಿ, ಎರಡು ಫ್ಯಾನು ಗಾಳಿ ಒಳಗೆ ಎಳೆಯಲಿ, ಅಷ್ಟು ಸಾಕು. ಗೇಮು, ಫೈಲು ಇಡುವುದಕ್ಕೆ 1 ಟಿಬಿ ಎನ್‌ವಿಎಂಇ ಎಸ್‌ಎಸ್‌ಡಿ ಹಾಕು. ಹಳೇ ತಲೆಮಾರಿನ ಜೆನ್ 3 ಆದರೂ ಪರವಾಗಿಲ್ಲ, ಗೇಮ್ ತೆರೆಯುವಾಗ ಜೆನ್ 4ಕ್ಕೂ ಅದಕ್ಕೂ ವ್ಯತ್ಯಾಸ ಕಣ್ಣಿಗೆ ಕಾಣುವಷ್ಟು ಇರುವುದಿಲ್ಲ. ಮಾನಿಟರ್ ನಿನ್ನ ಪಟ್ಟಿಯಿಂದ ಹೊಡೆದುಹಾಕು, ಅದು ನನ್ನ ಲೆಕ್ಕ. 24 ಇಂಚು, 144 ಹರ್ಟ್ಸ್, ಅಂದರೆ ಸೆಕೆಂಡಿಗೆ 144 ಸಲ ಚಿತ್ರ ಬದಲಿಸುವುದು. ವಿಂಡೋಸ್ ಅದನ್ನು 60ರಲ್ಲೇ ಇಟ್ಟಿರುವುದುಂಟು, ಡಿಸ್‌ಪ್ಲೇ ಸೆಟ್ಟಿಂಗಿನಲ್ಲಿ ನೀನೇ ಬದಲಿಸಬೇಕು. ಕೇಬಲ್ ಬೋರ್ಡಿಗಲ್ಲ, ಕಾರ್ಡಿಗೇ ಚುಚ್ಚು. 5600ರಲ್ಲಿ ಚಿತ್ರ ಬಿಡಿಸುವ ಭಾಗವೇ ಇಲ್ಲ, ಬೋರ್ಡಿಗೆ ಚುಚ್ಚಿದರೆ ಪರದೆ ಕಪ್ಪಗೇ ಇರುತ್ತದೆ, ನೀನು ಎಲ್ಲ ಸುಟ್ಟುಹೋಯಿತು ಅಂತ ಗಾಬರಿ ಆಗುತ್ತೀಯ.

ನಿನ್ನ ಗೆಳೆಯ ಸೆಕೆಂಡ್‌ಹ್ಯಾಂಡ್ ಕಾರ್ಡು ಹೇಳಿದ್ದಾನೆ ಅಂದೆಯಲ್ಲ. 2022ರ ಸೆಪ್ಟೆಂಬರಿನಲ್ಲಿ ಈಥೀರಿಯಂ ಅನ್ನುವ ಡಿಜಿಟಲ್ ದುಡ್ಡನ್ನು ಕಾರ್ಡುಗಳಿಂದ ಗಳಿಸುವ ಮೈನಿಂಗ್ ನಿಂತ ಮೇಲೆ ಹಗಲು ರಾತ್ರಿ ದುಡಿದ ಕಾರ್ಡುಗಳು ರಾಶಿ ರಾಶಿ ಹೊರಗೆ ಬಂದವು. ಎಲ್ಲವೂ ಕೆಟ್ಟವು ಅಂತ ನಾನು ಹೇಳುವುದಿಲ್ಲ. ಆದರೆ ಬಿಲ್ಲು, ಉಳಿದ ವಾರಂಟಿ ಎರಡೂ ಇದ್ದು, ಎದುರಿಗೇ ಅರ್ಧ ಗಂಟೆ ಗೇಮ್ ಓಡಿಸಿ ತೋರಿಸಿದರೆ ಮಾತ್ರ ಯೋಚಿಸು. ಹೊಸದಕ್ಕೂ ಅಷ್ಟೇ, "ಬಿಲ್ ಬೇಡ ಅಂದ್ರೆ ಕಡಿಮೆ ಮಾಡ್ತೀನಿ" ಅಂತ ಯಾರಾದರೂ ಅಂದರೆ ಒಪ್ಪಬೇಡ. 18 ಪರ್ಸೆಂಟ್ ಜಿಎಸ್‌ಟಿ ಉಳಿಯಿತು ಅನ್ನಿಸುತ್ತದೆ, ನಾಳೆ ಕಾರ್ಡು ಕೆಟ್ಟಾಗ ಸೀರಿಯಲ್ ನಂಬರ್ ಬರೆದ ಬಿಲ್ಲು ಇಲ್ಲದೆ ವಾರಂಟಿಗೆ ಅಲೆಯುವವನು ನೀನು.

ಶುಕ್ರವಾರ ರಾತ್ರಿ ಬಸ್ಸಿಗೆ ಹತ್ತು. ಶನಿವಾರ ಬೆಳಿಗ್ಗೆ ತಿಂಡಿ ಮುಗಿಸಿ ಬೆಂಗಳೂರಿನ ಕಂಪ್ಯೂಟರ್ ಅಂಗಡಿಗಳ ಎಸ್‌ಪಿ ರೋಡಿಗೆ ಹೋಗೋಣ, ಭಾನುವಾರ ಅಲ್ಲಿ ಜಾಸ್ತಿ ಅಂಗಡಿ ತೆಗೆದಿರುವುದಿಲ್ಲ. ಮೊದಲ ಅಂಗಡಿಯಲ್ಲೇ ದುಡ್ಡು ತೆಗೆಯುವುದು ಬೇಡ, ನಾಲ್ಕು ಕಡೆ ರೇಟು ಬರೆದುಕೊಳ್ಳೋಣ. ರ‍್ಯಾಮ್ ಕಡ್ಡಿಗಳನ್ನು ಪ್ಲಾಸ್ಟಿಕ್ ಕವರಿಗೆ ಹಾಕಬೇಡ, ಪೇಪರಿನಲ್ಲಿ ಸುತ್ತಿ ಗಟ್ಟಿ ಡಬ್ಬಿಯಲ್ಲಿಟ್ಟುಕೊಂಡು ಬಾ.

ನಿನ್ನ ಮಾವ