ತಿಪ್ಪೆಯಲ್ಲೇ ಬೆಳೆಯುವ ತೆಂಗಿನ ವೈರಿ

ಮಾನ್ಯ ಸಂಪಾದಕರೇ,

ಅರಸೀಕೆರೆ ಸೀಮೆಯಲ್ಲಿ ಎರಡು ಹಸು, ನಲವತ್ತು ತೆಂಗಿನ ಮರಗಳನ್ನು ನಂಬಿ ಬದುಕುವ ನಮ್ಮಂಥ ಮನೆಗಳಲ್ಲಿ ಕೊಟ್ಟಿಗೆ ಬಾಚಿ ಸಗಣಿಯನ್ನು ತಿಪ್ಪೆಗೆ ಹಾಕುವುದೇ ದಿನದ ಮೊದಲ ಕೆಲಸ. ಆ ತಿಪ್ಪೆಯೇ ರೈನೋಸಿರಸ್ ದುಂಬಿಯ ತೊಟ್ಟಿಲಾಗಿರುವುದನ್ನು ಕಳೆದ ವಾರ ಗೊಬ್ಬರ ತೋಡುವಾಗ ಕಣ್ಣಾರೆ ಕಂಡೆ: ಒಂದೊಂದು ಮಂಕರಿಯಲ್ಲೂ ಹೆಬ್ಬೆರಳು ದಪ್ಪದ, ಬಿಳಿ ಮೈಯ, ಕಂದು ತಲೆಯ ಗೊಣ್ಣೆಹುಳುಗಳು ಮುದುಡಿಕೊಂಡಿದ್ದವು. ಇವೇ ದುಂಬಿಗಳಾಗಿ ರಾತ್ರಿ ಹಾರಿಬಂದು ಸುಳಿ ಕೊರೆಯುತ್ತವೆ. ಆಮೇಲೆ ಬಿಚ್ಚಿಕೊಳ್ಳುವ ಗರಿ ಕತ್ತರಿ ಆಡಿಸಿದಂತಿರುತ್ತದೆ, ಆ ಗಾಯದ ವಾಸನೆಗೆ ಮರದ ಒಳಗನ್ನೇ ತಿಂದುಹಾಕುವ ಕೆಂಪುಮೂತಿ ಹುಳುವೂ ಬರುತ್ತದೆ. ಕೊಡದಲ್ಲಿ ನೀರು ಹೊತ್ತು ನಾಲ್ಕು ವರ್ಷ ಸಾಕಿದ ಎರಡು ಸಸಿಗಳನ್ನು ನಾವು ಹೀಗೆಯೇ ಕಳೆದುಕೊಂಡೆವು.

ಕೊಕ್ಕೆಯಿಂದ ದುಂಬಿ ಎಳೆದು ತೆಗೆಯುವುದು, 250 ಗ್ರಾಂ ಬೇವಿನ ಹಿಂಡಿಯನ್ನು ಅಷ್ಟೇ ಮರಳಿನೊಂದಿಗೆ ಬೆರೆಸಿ ಸುಳಿಯ ಸುತ್ತಲಿನ ಗರಿಗಳ ಬುಡಕ್ಕೆ ತುಂಬುವುದು ನಮ್ಮ ಕೈಲಾಗುವ ಕೆಲಸ. ಆದರೆ ನಮ್ಮ ತಿಪ್ಪೆಯೊಂದನ್ನೇ ಸರಿಪಡಿಸಿದರೆ ಪಕ್ಕದ ತಿಪ್ಪೆಯ ದುಂಬಿ ಬಾರದಿರುವುದಿಲ್ಲ. ಆದ್ದರಿಂದ ಗೊಣ್ಣೆಹುಳುವಿಗೆ ರೋಗ ತಗುಲಿಸಿ ಕೊಲ್ಲುವ ಮೆಟಾರೈಜಿಯಂ ಶಿಲೀಂಧ್ರವನ್ನು ಮುಂಗಾರಿಗೆ ಮುನ್ನವೇ ರೈತ ಸಂಪರ್ಕ ಕೇಂದ್ರಗಳಲ್ಲಿ ದೊರಕಿಸಿ, ಊರಿನ ಎಲ್ಲ ತಿಪ್ಪೆಗಳಿಗೂ ಒಟ್ಟಿಗೆ ಹಾಕಿಸಬೇಕೆಂದು ಸಂಬಂಧಪಟ್ಟವರನ್ನು ಕೋರುತ್ತೇನೆ.

– ಒಬ್ಬ ರೈತ ಮಹಿಳೆ, ಅರಸೀಕೆರೆ ತಾಲ್ಲೂಕು, ಹಾಸನ ಜಿಲ್ಲೆ