ಟ್ರೇಲರ್ ಬ್ರೇಕ್ ಹಿಡಿಯದಿದ್ದರೆ ಮೊದಲು ಅರ್ತ್ ನೋಡಿ

ಮಾನ್ಯ ಸಂಪಾದಕರೇ,

ಮಳೆ ಬಿಟ್ಟು ಅರೇಬಿಕಾ ಕೊಯ್ಲಿನ ತಯಾರಿ ನಡೆಯುತ್ತಿರುವ ಈ ಹೊತ್ತಿನಲ್ಲಿ, ತಿಂಗಳುಗಟ್ಟಲೆ ಶೆಡ್ಡಿನಲ್ಲಿ ನಿಂತಿದ್ದ ಟ್ರೇಲರ್‌ಗಳು ಮತ್ತೆ ರಸ್ತೆಗೆ ಇಳಿಯುತ್ತವೆ. ಜೀಪಿಗೋ ಪಿಕಪ್ಪಿಗೋ ಕಟ್ಟಿ ಎಳೆಯುವ, ಎಲೆಕ್ಟ್ರಿಕ್ ಬ್ರೇಕ್ ಇರುವ ಟ್ರೇಲರ್‌ಗಳು ಕೊಡಗಿನಲ್ಲಿ ಇನ್ನೂ ಅಪರೂಪ. ಅವು ಬ್ರೇಕ್ ಹಿಡಿಯುತ್ತಿಲ್ಲವೆಂದು ಗ್ಯಾರೇಜಿಗೆ ಬಂದಾಗ, ವೈರಿಂಗ್ ಪರೀಕ್ಷಿಸದೆ ನೇರವಾಗಿ ಚಕ್ರ ಬಿಚ್ಚಿ ಡ್ರಮ್ಮಿನೊಳಗಿನ ಮ್ಯಾಗ್ನೆಟ್ ಬದಲಿಸುವುದನ್ನು ಆಟೋ ಎಲೆಕ್ಟ್ರಿಕಲ್ ಕೆಲಸದವನಾದ ನಾನು ಮತ್ತೆ ಮತ್ತೆ ಕಂಡಿದ್ದೇನೆ. ಮಾಲೀಕರ ಹಣ ಖರ್ಚಾಗುತ್ತದೆ, ದೋಷ ಮಾತ್ರ ಇದ್ದಲ್ಲೇ ಉಳಿಯುತ್ತದೆ.

ಜೀಪಿನ ಬ್ರೇಕ್ ತುಳಿದಾಗ ಅದರಲ್ಲಿರುವ ಕಂಟ್ರೋಲರ್ ಟ್ರೇಲರಿನ ಮ್ಯಾಗ್ನೆಟ್‌ಗಳಿಗೆ ಕರೆಂಟ್ ಕಳಿಸುತ್ತದೆ. ಮ್ಯಾಗ್ನೆಟ್ ತಿರುಗುವ ಡ್ರಮ್ಮಿಗೆ ಅಂಟಿಕೊಂಡು ಲಿವರನ್ನು ಎಳೆಯುತ್ತದೆ, ಲಿವರ್ ಬ್ರೇಕ್ ಶೂಗಳನ್ನು ಅಗಲಿಸುತ್ತದೆ. ಸಾಮಾನ್ಯ ಅಳತೆಯ ಡ್ರಮ್ಮಿನಲ್ಲಿ 12 ವೋಲ್ಟಿಗೆ ಒಂದೊಂದು ಮ್ಯಾಗ್ನೆಟ್ ಸುಮಾರು 3 ಆಂಪಿಯರ್ ಎಳೆಯುವುದರಿಂದ, ಎರಡು ಚಕ್ರಕ್ಕೆ 6, ನಾಲ್ಕಕ್ಕೆ 12 ಆಂಪಿಯರ್ ಬೇಕು. ಹೋದ ಕರೆಂಟೆಲ್ಲ ಬ್ಯಾಟರಿಗೆ ಮರಳಬೇಕು, ಅರ್ತ್ ಎನ್ನುವ, ಮರಳುವ ಆ ದಾರಿಯನ್ನೇ ನಮ್ಮವರು ಕಡೆಗಣಿಸುವುದು. ಅರ್ತಿಗೆ ಪ್ರತ್ಯೇಕ ವೈರ್ ಎಳೆಯದೆ ಜೀಪಿಗೆ ಟ್ರೇಲರ್ ಸಿಕ್ಕಿಸುವ ಹಿಚ್ಚಿನ ಗುಂಡನ್ನೇ ನಂಬಿದರೆ, ಅದಕ್ಕೆ ಹಚ್ಚಿದ ಗ್ರೀಸು ಮತ್ತು ಹಿಡಿದ ತುಕ್ಕಿನ ನಡುವೆ ಕರೆಂಟ್ ಬಂದರೂ ಬಂತು, ಇಲ್ಲವಾದರೂ ಇಲ್ಲ.

ಗೊಬ್ಬರ ಸಾಗಿಸಿದ ಟ್ರೇಲರಿನ ಪ್ಲಗ್ಗನ್ನು ಒಮ್ಮೆ ಬಿಚ್ಚಿ ನೋಡಬೇಕು. ರಾಸಾಯನಿಕ ಗೊಬ್ಬರದ ಪುಡಿ ಮಳೆಯ ತೇವಕ್ಕೆ ಕರಗಿ ಒಳಗೆ ಇಳಿದಿರುತ್ತದೆ, ಪಿನ್ನುಗಳ ಮೇಲೆ ಹಸಿರು ಕಿಲುಬು ಕಟ್ಟಿರುತ್ತದೆ, ವೈರಿನ ಪ್ಲಾಸ್ಟಿಕ್ ಹೊದಿಕೆ ಹೊಸದರಂತಿದ್ದರೂ ಅದನ್ನು ಸುಲಿದಾಗ ತಾಮ್ರದ ಎಳೆಗಳು ಕಪ್ಪಾಗಿ ಉದುರುತ್ತವೆ. ಹೀಗೆ ಒಂದೇ ಎಳೆ ಉಳಿದಿದ್ದರೂ, ಲೋಡ್ ಇಲ್ಲದೆ ಇಟ್ಟ ಮೀಟರ್ 12 ವೋಲ್ಟ್ ತೋರಿಸುತ್ತದೆ. ವೈರಿಂಗ್ ಸರಿಯಿದೆ ಎಂದು ಮೆಕ್ಯಾನಿಕ್ ಮೋಸ ಹೋಗುವುದು ಇಲ್ಲೇ. ಆದ್ದರಿಂದ ಬ್ರೇಕ್ ತುಳಿದಿರುವಾಗಲೇ ಅಳೆಯಬೇಕು. ಮೀಟರಿನ ಒಂದು ಕಡ್ಡಿಯನ್ನು ಟ್ರೇಲರಿನ ಚಾಸಿಗೂ ಇನ್ನೊಂದನ್ನು ಜೀಪಿನ ಬ್ಯಾಟರಿಯ ನೆಗೆಟಿವ್‌ಗೂ ಇಟ್ಟು ಕಂಟ್ರೋಲರನ್ನು ಪೂರ್ತಿ ಒತ್ತಿದಾಗ, ಅರ್ಧ ವೋಲ್ಟಿನೊಳಗೆ ಬರುವ ಬದಲು ಎರಡು ಮೂರು ವೋಲ್ಟ್ ಬಂದರೆ ದೋಷ ಅರ್ತಿನದ್ದೇ. ಬ್ರೇಕಿಗೆ ಕರೆಂಟ್ ಒಯ್ಯುವ ವೈರಿನ, ಅಂದರೆ ಬ್ರೇಕ್ ಲೈನಿನ, ನಡುವೆ ಆಮ್ಮೀಟರ್ ಸೇರಿಸಿದಾಗ ಎರಡು ಚಕ್ರದ ಟ್ರೇಲರಿನಲ್ಲಿ 6ರ ಬದಲು 3 ಬಂದರೆ ಒಂದು ಚಕ್ರದ ಸಂಪರ್ಕ ತಪ್ಪಿದೆ, 6ನ್ನು ಬಹಳ ಮೀರಿದರೆ ಎಲ್ಲೋ ಶಾರ್ಟ್ ಆಗಿದೆ.

ಇನ್ನೊಂದು ಸುಲಭದ ಪರೀಕ್ಷೆಯನ್ನು ಮಾಲೀಕರೇ ಕಾಫಿ ಕಣದಲ್ಲಿ ಮಾಡಿಕೊಳ್ಳಬಹುದು. ಟ್ರೇಲರ್ ಹಿಚ್ಚಿನಿಂದ ಕಳಚಿಕೊಂಡರೆ ತಾನಾಗಿ ಬ್ರೇಕ್ ಹಿಡಿಯಲೆಂದು ಅದರಲ್ಲೇ ಒಂದು ಸಣ್ಣ ಬ್ಯಾಟರಿ ಮತ್ತು ಪಿನ್ ಹಾಕಿದ ಸ್ವಿಚ್ ಇರುತ್ತದೆ. ಜೀಪಿನ ಪ್ಲಗ್ ತೆಗೆದು (ಇದನ್ನು ಮರೆತರೆ ಕಂಟ್ರೋಲರಿಗೆ ಹಿಂದಿನಿಂದ ಕರೆಂಟ್ ನುಗ್ಗಬಹುದು) ಆ ಪಿನ್ನನ್ನು ಎಳೆದು, ಟ್ರೇಲರನ್ನು ಸ್ವಲ್ಪ ಮುಂದಕ್ಕೆ ಎಳೆದು ನೋಡಬೇಕು. ಚಕ್ರಗಳು ಹಿಡಿದರೆ ಮ್ಯಾಗ್ನೆಟ್‌ಗಳು ಚೆನ್ನಾಗಿವೆ, ದೋಷ ಪ್ಲಗ್ಗಿನಲ್ಲೋ ಸಾಕೆಟ್ಟಿನಲ್ಲೋ ಜೀಪಿನ ಕಡೆಯಲ್ಲೋ ಇದೆ ಎಂದು ತಿಳಿಯಬೇಕು. ಹಿಡಿಯದಿದ್ದರೆ ಮೊದಲು ಆ ಸಣ್ಣ ಬ್ಯಾಟರಿಯ ಚಾರ್ಜ್ ನೋಡಿ, ಆಮೇಲೆ ಚಕ್ರದ ಕಡೆಯ ವೈರಿಂಗ್ ಹುಡುಕಬೇಕು. ಪರೀಕ್ಷೆ ಮುಗಿದೊಡನೆ ಪಿನ್ ವಾಪಸ್ ಹಾಕಬೇಕು.

ಮಡಿಕೇರಿಯಿಂದ ಸಂಪಾಜೆಗೆ ಇಳಿಯುವಾಗಲೋ ಪೆರುಂಬಾಡಿಯಿಂದ ಮಾಕುಟ್ಟ ಘಾಟಿ ಇಳಿಯುವಾಗಲೋ ಹಿಂದಿನ ಭಾರ ತಳ್ಳತೊಡಗಿದರೆ, ತಿರುವಿನಲ್ಲಿ ಟ್ರೇಲರ್ ಮಡಚಿಕೊಂಡು ಎದುರಿನಿಂದ ಬರುವವರ ಮೇಲೂ ಬೀಳಬಹುದು. ಸಾರಿಗೆ ಇಲಾಖೆಯವರು ಟ್ರೇಲರ್ ತಪಾಸಣೆ ಮಾಡುವಾಗ ದೀಪ ಮತ್ತು ಟೈರಿನ ಜೊತೆಗೆ ಈ ಪಿನ್ ಎಳೆಯುವ ಪರೀಕ್ಷೆಯನ್ನೂ ಮಾಡಬೇಕೆಂದು, ಅರ್ತಿಗೆ ಬ್ರೇಕ್ ಲೈನಿನಷ್ಟೇ ದಪ್ಪದ ಪ್ರತ್ಯೇಕ ವೈರನ್ನು ತೋಟದ ಮಾಲೀಕರು ಕೊಯ್ಲಿಗೆ ಮುಂಚೆಯೇ ಹಾಕಿಸಬೇಕೆಂದು ತಮ್ಮ ಪತ್ರಿಕೆಯ ಮೂಲಕ ವಿನಂತಿಸುತ್ತೇನೆ.

ಇಂತಿ ತಮ್ಮ ವಿಶ್ವಾಸಿ,
ಒಬ್ಬ ಆಟೋ ಎಲೆಕ್ಟ್ರಿಷಿಯನ್, ಸೋಮವಾರಪೇಟೆ